ಯುಕುಲೇಲಿಗೆ ಶ್ರುತಿ: ಮೊದಲು ಕಿವಿ, ಆಮೇಲೆ ಟ್ಯೂನರ್

ಎಲ್ಲರಿಗೂ ನಮಸ್ಕಾರ. ನಮ್ಮ ಹಾಸನದಲ್ಲಿ ಯುಕುಲೇಲಿ ಅನ್ನುವ ಈ ನಾಲ್ಕು ತಂತಿಯ ಪುಟ್ಟ ವಾದ್ಯವನ್ನು ಶ್ರುತಿ ಮಾಡುವುದು ಹೇಗೆ ಅಂತ ಕೇಳೋಕೆ ಇಷ್ಟು ಜನ ಬಂದಿದ್ದೀರಿ, ನನಗೆ ತುಂಬ ಖುಷಿಯಾಗಿದೆ. ಮಕ್ಕಳ ಹುಟ್ಟುಹಬ್ಬಕ್ಕೆ ಆನ್‌ಲೈನಲ್ಲಿ ತರಿಸಿಕೊಟ್ಟ ಅಪ್ಪ ಅಮ್ಮಂದಿರಿದ್ದೀರಿ. ಕಾಲೇಜು ಹುಡುಗರಿದ್ದೀರಿ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತು, ಮಧ್ಯ ಬಿಟ್ಟು, ಈಗ ಇದನ್ನು ಕೈಗೆ ತೆಗೆದುಕೊಂಡ ಅಕ್ಕಂದಿರೂ ಇದ್ದೀರಿ. ಇವತ್ತು ಕಾರ್ಡ್ ಹಿಡಿಯುವುದನ್ನಾಗಲಿ, ಅಂದರೆ ಒಂದೇ ಸಲ ಹಲವು ಸ್ವರ ಬರುವ ಹಾಗೆ ಬೆರಳಿಡುವುದನ್ನಾಗಲಿ, ಹಾಡನ್ನಾಗಲಿ ನಾನು ಹೇಳಿಕೊಡುವುದಿಲ್ಲ. ಬರೀ ಶ್ರುತಿ. ಯಾಕೆಂದರೆ "ಮಗು ನುಡಿಸೋದು ಬಿಟ್ಟುಬಿಟ್ಟಿದೆ, ಚೆನ್ನಾಗಿ ಬರ್ತಾ ಇಲ್ವಂತೆ" ಅಂತ ಯಾರಾದರೂ ವಾದ್ಯ ತಂದು ತೋರಿಸಿದಾಗ, ಹೆಚ್ಚಿನ ಸಲ ತೊಂದರೆ ಮಗುವಿನ ಬೆರಳಲ್ಲಿ ಇರುವುದಿಲ್ಲ, ತಂತಿ ಬಿಗಿ ಮಾಡುವ ಬಿರಡೆಯಲ್ಲಿ ಇರುತ್ತದೆ.

ಮೊದಲು ನಾಲ್ಕು ತಂತಿ ಯಾವುವು ಅಂತ ನೋಡೋಣ. ವಾದ್ಯ ತೊಡೆ ಮೇಲೆ ಇಟ್ಟುಕೊಂಡಾಗ ನಿಮ್ಮ ಮುಖದ ಹತ್ತಿರ ಬರುವುದು ಜಿ. ಅದರ ಕೆಳಗೆ ಸಿ, ಆಮೇಲೆ ಇ, ನೆಲದ ಕಡೆಗೆ ಎ. ತಲೆಯ ಕಡೆ ನಾಲ್ಕು ಬಿರಡೆ ಇವೆ. ವಾದ್ಯವನ್ನು ನೆಟ್ಟಗೆ ನಿಲ್ಲಿಸಿ ಎದುರಿನಿಂದ ನೋಡಿದರೆ ಎಡಗಡೆ ಕೆಳಗಿನದು ಜಿ, ಎಡಗಡೆ ಮೇಲಿನದು ಸಿ, ಬಲಗಡೆ ಮೇಲಿನದು ಇ, ಬಲಗಡೆ ಕೆಳಗಿನದು ಎ. ಇದನ್ನು ದಯವಿಟ್ಟು ಬಾಯಿಪಾಠ ಮಾಡಿಕೊಳ್ಳಿ. ಒಂದು ತಂತಿ ಮೀಟಿ ಇನ್ನೊಂದರ ಬಿರಡೆ ತಿರುಗಿಸುತ್ತಾ, ಸ್ವರ ಯಾಕೆ ಬದಲಾಗ್ತಿಲ್ಲ ಅಂತ ಇನ್ನೂ ಜೋರಾಗಿ ತಿರುಗಿಸಿ, ಕೊನೆಗೆ ಪಟ್ ಅಂತ ತಂತಿ ಹರಿಯುವುದು ಹೀಗೇ.

ಇನ್ನು ಸ್ವರ. ಜಿ ಅಂದರೆ ಸೆಕೆಂಡಿಗೆ 392 ಕಂಪನ, ಸಿ 261.6, ಇ 329.6, ಎ 440. ಈಗ ಸಂಗೀತ ಕಲಿತವರು ಕಿವಿ ಕೊಡಿ. ಸಿ ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. ಅದನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಆಗ ಇ ನಿಮ್ಮ ಅಂತರ ಗಾಂಧಾರ, ಜಿ ಪಂಚಮ, ಎ ಚತುಶ್ರುತಿ ದೈವತ. ಮೇಲಿನಿಂದ ಕೆಳಗೆ ನಾಲ್ಕು ತಂತಿ ಮೀಟಿದರೆ ಪ, ಸ, ಗ, ದ. ನಾಲ್ಕೂ ಮಧ್ಯ ಸ್ಥಾಯಿಯವೇ. ಒಂದು ರಿಷಭ ಸೇರಿಸಿದರೆ ಮೋಹನ ರಾಗ ಪೂರ್ತಿಯಾಯಿತು, ಅಲ್ವಾ? ಮೋಹನದ ಗೀತೆ ಕಲಿತ ಯಾವ ಮಗುವಾದರೂ ಯುಕುಲೇಲಿಯ ನಾಲ್ಕು ಸ್ವರವನ್ನು ಬಾಯಲ್ಲಿ ಹಾಡಬಲ್ಲದು. ನಮ್ಮ ಜಿಲ್ಲೆಯಲ್ಲೇ, ಅರಕಲಗೂಡು ತಾಲ್ಲೂಕಲ್ಲಿ, ಕಾವೇರಿ ದಡದಲ್ಲಿ ರುದ್ರಪಟ್ಟಣ ಇದೆ. ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ಒಂದೇ ಹಳ್ಳಿಯಿಂದ ಅಷ್ಟೊಂದು ವಿದ್ವಾಂಸರು ಬಂದ ಊರು. ಅಲ್ಲಿ ತಂಬೂರಿ ಆಕಾರದಲ್ಲೇ ಕಟ್ಟಿದ ಮಂದಿರ ಇದೆ, ನೋಡಿಲ್ಲದವರು ಒಂದು ಸಲ ಹೋಗಿ ಬನ್ನಿ. ಇಂಥ ನೆಲದ ಮಕ್ಕಳು ಶ್ರುತಿಯನ್ನು ಮೊಬೈಲ್ ಕೈಗೆ ಕೊಟ್ಟು ಸುಮ್ನೆ ಕೂರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗಿಟಾರ್ ಗೊತ್ತಿರುವವರಿಗೆ ಇಲ್ಲೊಂದು ವಿಚಿತ್ರ ಕಾಣುತ್ತದೆ. ಗಿಟಾರಲ್ಲಿ ತಂತಿಗಳು ಮಂದ್ರದಿಂದ ತಾರಕ್ಕೆ ಸಾಲಾಗಿ ಹೋಗುತ್ತವೆ. ಇಲ್ಲಿ ಹಾಗಲ್ಲ, ಮೊದಲ ತಂತಿಯೇ ಎತ್ತರ, ಎರಡನೆಯದು ಎಲ್ಲಕ್ಕಿಂತ ತಗ್ಗು. ಇದು ಹಳೆಯ ಪದ್ಧತಿ. 1879ರ ಆಗಸ್ಟಲ್ಲಿ ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಿಂದ ರೇವನ್ಸ್‌ಕ್ರ್ಯಾಗ್ ಅನ್ನುವ ಹಡಗು ಹವಾಯಿಯ ಹೊನೊಲುಲು ಬಂದರಿಗೆ ಬಂತು. ಅದರಲ್ಲಿದ್ದವರು ಕಬ್ಬಿನ ತೋಟದ ಕೆಲಸಕ್ಕೆ ಬಂದ ಕುಟುಂಬಗಳು. ನಮ್ಮ ಸಕಲೇಶಪುರ, ಮೂಡಿಗೆರೆ ಕಾಫಿ ತೋಟಗಳಿಗೂ ಘಟ್ಟದ ಕೆಳಗಿನಿಂದ ಜನ ಹೀಗೇ ಕೆಲಸ ಹುಡುಕಿಕೊಂಡು ಬಂದವರು, ಬರುವಾಗ ಅವರ ಹಾಡೂ ಜೊತೆಗೆ ಬಂತು. ಆ ಹಡಗಿನಲ್ಲಿ ಮೂವರು ಮರಗೆಲಸದವರಿದ್ದರು: ಮ್ಯಾನುಯೆಲ್ ನುನೆಸ್, ಆಗಸ್ಟೋ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ. ತಮ್ಮ ಊರಿನ ಪುಟ್ಟ ತಂತಿವಾದ್ಯಗಳನ್ನು ನೆನಪಲ್ಲಿಟ್ಟುಕೊಂಡು ಹವಾಯಿಯ ಕೋವಾ ಮರದಲ್ಲಿ ಹೊಸದು ಮಾಡಿದರು. ಅಲ್ಲಿನ ರಾಜ ಕಲಾಕೌವಾ ಅದನ್ನು ಅರಮನೆಯ ಕೂಟಗಳಿಗೆ ತಂದ. ಎತ್ತರದ ಜಿ ಇರುವುದರಿಂದಲೇ ಯುಕುಲೇಲಿಗೆ ಆ ಚಿಲಿಪಿಲಿ ದನಿ. ಅದನ್ನು ತೆಗೆದರೆ ಚಿಕ್ಕ ಗಿಟಾರ್ ಆಗುತ್ತದೆ ಅಷ್ಟೆ.

ಈಗ ಒಂದು ವಾದ್ಯ ಬೇಕು. ಮುಂದಿನ ಸಾಲಿನ ಪುಟ್ಟಿ, ನಿನ್ನದು ಕೊಡ್ತೀಯಾ? ಥ್ಯಾಂಕ್ಸ್ ಕಂದ. ನೋಡಿ, ಯಾವ ಸ್ವರ ಅಂತ ತೋರಿಸುವ ಟ್ಯೂನರ್ ಕಚ್ಚಿಸಿದ್ದೇನೆ, ಜಿ ಮೀಟುತ್ತೇನೆ, ಹಸಿರು ಬಂತು. ಟ್ಯೂನರ್ ಪ್ರಕಾರ ಸರಿ. ಆದರೆ ತಂತಿ ನೋಡಿ, ಬೆರಳಲ್ಲಿ ಒತ್ತಿದರೆ ಜೋತು ಬೀಳುತ್ತಿದೆ, ಮೀಟಿದರೆ ಮೆಟ್ಟಿಲಿಗೆ, ಅಂದರೆ ಕತ್ತಿನ ಮೇಲಿನ ಅಡ್ಡ ಪಟ್ಟಿಗೆ, ತಾಗಿ ಗರ್ ಅನ್ನುತ್ತಿದೆ. ಇದು 392 ಅಲ್ಲ, ಅದರ ಅರ್ಧ, 196. ಪಂಚಮವೇ ಹೌದು, ಆದರೆ ಮಂದ್ರದ್ದು, ಒಂದು ಸ್ಥಾಯಿ ಕೆಳಗಿನದು. ಅಣ್ಣ ಗಿಟಾರ್ ನುಡಿಸ್ತಾನಾ? ಹಾಗಿದ್ದರೆ ಅವನೇ ಮಾಡಿರಬೇಕು, ಪರವಾಗಿಲ್ಲ. ಟ್ಯೂನರ್ ಬರೀ ಅಕ್ಷರ ತೋರಿಸುತ್ತದೆ. ಯಾವ ಸ್ಥಾಯಿಯ ಜಿ ಅಂತ ಹೆಚ್ಚಿನ ಕ್ಲಿಪ್ ಟ್ಯೂನರ್‌ಗಳು ಹೇಳುವುದಿಲ್ಲ. ಅದು ಕಿವಿಯ ಕೆಲಸ. ಕೆಳಗಿನ ಜಿ ಇಟ್ಟು ನುಡಿಸುವವರೂ ಇದ್ದಾರೆ, ಅದು ತಪ್ಪಲ್ಲ. ಆದರೆ ಅದಕ್ಕೆ ಬೇರೆಯದೇ ದಪ್ಪ ತಂತಿ ಬರುತ್ತದೆ, ಅದನ್ನೇ ಹಾಕಬೇಕು.

ಇದನ್ನು ಈಗ ಸರಿ ಮಾಡುತ್ತೇನೆ. ಶ್ರುತಿ ಪೆಟ್ಟಿಗೆ ಬಿಳಿ ಒಂದಕ್ಕೆ ಇಟ್ಟಿದ್ದೇನೆ, ಸ ಪ ಎರಡೂ ಬರುತ್ತಿದೆ. ನಿಮ್ಮ ಮನೆಯಲ್ಲಿ ಪೆಟ್ಟಿಗೆ ಇಲ್ಲದಿದ್ದರೆ ಮೊಬೈಲಲ್ಲಿ ತಂಬೂರಿ ಆ್ಯಪ್ ಸಿಗುತ್ತದೆ, ಸಾಕು. ಮೊದಲು ಸಿ ತಂತಿ. ಅದನ್ನು ಬೇಕೆಂದೇ ಸ್ವಲ್ಪ ಸಡಿಲ ಬಿಡುತ್ತೇನೆ. ಈಗ ಮೀಟಿ, ನಿಧಾನ ಬಿಗಿ ಮಾಡುತ್ತಾ ಮೇಲೆ ಬರುತ್ತೇನೆ. ಪೆಟ್ಟಿಗೆಯ ಷಡ್ಜಕ್ಕೆ ಹತ್ತಿರ ಬರುತ್ತಿದ್ದ ಹಾಗೆ ದನಿ ವಾಂವ್ ವಾಂವ್ ವಾಂವ್ ಅಂತ ಅಲೆಯುತ್ತದೆ, ಕೇಳಿಸ್ತಾ? ಎರಡು ದನಿಗೂ ಸೆಕೆಂಡಿಗೆ ಎಷ್ಟು ಕಂಪನದ ವ್ಯತ್ಯಾಸವೋ ಅಷ್ಟು ಅಲೆ. ಮೂರರ ವ್ಯತ್ಯಾಸ ಇದ್ದರೆ ಸೆಕೆಂಡಿಗೆ ಮೂರು. ಇನ್ನೂ ಹತ್ತಿರ ಹೋದರೆ ಎರಡು, ಒಂದು, ಸ್ವಿಚ್ ಆರಿಸಿದ ಫ್ಯಾನಿನ ಹಾಗೆ ನಿಧಾನವಾಗುತ್ತಾ ಬಂದು ನಿಂತುಬಿಡುತ್ತದೆ. ನಿಂತಿತು ಅಂದರೆ ಸೇರಿತು. ಇದಕ್ಕೆ ಸಂಗೀತ ಗೊತ್ತಿರಲೇಬೇಕು ಅಂತ ಏನೂ ಇಲ್ಲ. ಅಲೆ ಎಣಿಸಲು ಬಂದರೆ ಸಾಕು.

ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಬನ್ನಿ. ಜಾಸ್ತಿಯಾಯಿತು ಅಂದರೆ ಹಿಂದಕ್ಕೆ ತಿರುಗಿಸಿ ಅಲ್ಲೇ ನಿಲ್ಲಿಸಬೇಡಿ, ಸ್ವರಕ್ಕಿಂತ ಕೆಳಗೆ ಇಳಿದು ಮತ್ತೆ ಮೇಲೆ ಬನ್ನಿ. ಬಿರಡೆಯ ಹಲ್ಲುಗಳ ನಡುವೆ ಚೂರು ಸಡಿಲ ಇರುತ್ತದೆ. ತಂತಿಯೂ ನಟ್ಟಿನ ಕಚ್ಚಿನಲ್ಲಿ, ಅಂದರೆ ಮೇಲ್ಗಡೆ ಆ ಬಿಳಿ ಪಟ್ಟಿಯಲ್ಲಿ, ಸ್ವಲ್ಪ ಕಚ್ಚಿಕೊಂಡಿರುತ್ತದೆ. ಇಳಿಸಿ ನಿಲ್ಲಿಸಿದರೆ ನಾಲ್ಕು ಸಲ ಮೀಟಿದ ಮೇಲೆ ಆ ಸಡಿಲ ಬಿಟ್ಟುಕೊಂಡು ತಂತಿ ಜಾರುತ್ತದೆ. ಬಿಗಿ ಮಾಡುತ್ತಾ ಬಂದು ನಿಲ್ಲಿಸಿದರೆ ಜಾರುವುದು ಕಡಿಮೆ.

ಸಿ ಆಯಿತು. ಈಗ ಜಿ, ಅದನ್ನೂ ಪೆಟ್ಟಿಗೆಯ ಪಂಚಮಕ್ಕೇ ಸೇರಿಸುತ್ತೇನೆ. ಕೆಳಗಿನ ಸ್ಥಾಯಿಯಿಂದ ಮೇಲೆ ಬರಬೇಕು, ತುಂಬ ತಿರುಗಿಸಬೇಕಾಗುತ್ತದೆ, ಹೆದರಬೇಡ ಪುಟ್ಟಿ, ತಂತಿ ತಡೆಯುತ್ತದೆ. ಹಾಂ, ಬಂತು. ಗರ್ ಅನ್ನುವುದೂ ಹೋಯಿತು.

ಇನ್ನು ಇ ಮತ್ತು ಎ. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿರುವುದು ಇದನ್ನೇ. ನಾವು ಸಂಗೀತದವರು ಏನು ಮಾಡುತ್ತೇವೆ, ಸ ಪ ಸೇರಿಸಿದ ಹಾಗೇ ಗಾಂಧಾರ, ದೈವತವನ್ನೂ ತಂಬೂರಿಗೆ ಹಾಡಿಕೊಂಡು ಸೇರಿಸುತ್ತೇವೆ. ತಂಬೂರಿಯ ಷಡ್ಜ ಚೆನ್ನಾಗಿ ಮೊಳಗಿದಾಗ ಅದರೊಳಗಿನಿಂದಲೇ ಒಂದು ಗಾಂಧಾರ ಕೇಳಿಸುತ್ತದಲ್ಲ, ಸ್ವಯಂಭೂ ಗಾಂಧಾರ, ಅದಕ್ಕೆ ಇ ತಂತಿ ಸೇರಿಸಿದರೆ ಅದು ಸುಮಾರು 327ಕ್ಕೆ ನಿಲ್ಲುತ್ತದೆ. ಯುಕುಲೇಲಿಗೆ ಬೇಕಾದ್ದು 329.6. ದೈವತ ಹಾಗೇ ಸೇರಿಸಿದರೆ 436, ಬೇಕಾದ್ದು 440. ಇಷ್ಟೇ ಇಷ್ಟು ವ್ಯತ್ಯಾಸ, ಅದರಿಂದೇನು ಅನಿಸಬಹುದು. ಹೀಗೆ ಸೇರಿಸಿ ನಾಲ್ಕು ಖಾಲಿ ತಂತಿ ಮೀಟಿದರೆ ಕೇಳೋಕೆ ಅಷ್ಟು ಹಿತವಾಗಿರುತ್ತದೆ, ಆಹಾ ಅನಿಸುತ್ತದೆ. ಈಗ ಎಫ್ ಕಾರ್ಡ್ ಹಿಡಿಯಿರಿ. ಕೆಡುತ್ತದೆ. ಯಾಕೆ ಅಂದರೆ, ಎಫ್ ಕಾರ್ಡಲ್ಲಿ ಜಿ ತಂತಿಯ ಎರಡನೇ ಮೆಟ್ಟಿಲು ಒತ್ತುತ್ತೇವೆ, ಅದು ಎ, 440. ಜೊತೆಗೆ ಕೊನೆಯ ತಂತಿ ಖಾಲಿ ಇರುತ್ತದೆ, ಅದೂ ಎ, ಆದರೆ ನಾವು ಸೇರಿಸಿದ್ದು 436. ಒಂದೇ ಸ್ವರ ಎರಡು ಕಡೆಯಿಂದ ಬಂದು ಸೆಕೆಂಡಿಗೆ ನಾಲ್ಕು ಅಲೆ. ಮಗು ಬೆರಳು ಸರಿಯಾಗೇ ಇಟ್ಟಿರುತ್ತದೆ, ಆದರೂ ಅಪಸ್ವರ.

ನಮ್ಮ ಕಿವಿ ತಪ್ಪು ಅಂತ ಇದರ ಅರ್ಥ ಅಲ್ಲ. ಷಡ್ಜ ಒಂದನ್ನೇ ಹಿಡಿದು ಹಾಡುವ ಸಂಗೀತಕ್ಕೆ ಆ ಗಾಂಧಾರವೇ ಸರಿ. ಆದರೆ ಈ ವಾದ್ಯದ ಮೆಟ್ಟಿಲುಗಳು ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿ ಕೂರಿಸಿದವು, ಯಾವ ಕಾರ್ಡಿಗೆ ಹೋದರೂ ಪರವಾಗಿಲ್ಲ ಅನ್ನುವ ಹಾಗೆ ಎಲ್ಲ ಕಡೆ ಚೂರು ಚೂರು ರಾಜಿ ಮಾಡಿಕೊಂಡವು. ಪಂಚಮದಲ್ಲಿ ಈ ರಾಜಿ ಕಿವಿಗೆ ಗೊತ್ತೇ ಆಗುವುದಿಲ್ಲ, ಅರ್ಧ ಕಂಪನದಷ್ಟೂ ಇಲ್ಲ. ಗಾಂಧಾರ ದೈವತದಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಸ, ಪ ಎರಡನ್ನು ತಂಬೂರಿಗೆ ಸೇರಿಸಿ. ಗ, ದ ಎರಡನ್ನು ಮೆಟ್ಟಿಲಿಗೆ ಸೇರಿಸಿ.

ಹೇಗೆ ಅಂದರೆ, ಸಿ ತಂತಿಯ ನಾಲ್ಕನೇ ಮೆಟ್ಟಿಲು ಒತ್ತಿ ಮೀಟಿ, ಅದೇ ಇ. ಖಾಲಿ ಇ ತಂತಿಯನ್ನು ಅದಕ್ಕೆ ಸೇರಿಸಿ, ಅಲೆ ನಿಲ್ಲುವ ತನಕ. ಜಿ ತಂತಿಯ ಎರಡನೇ ಮೆಟ್ಟಿಲು ಒತ್ತಿ, ಅದು ಎ. ಕೊನೆಯ ತಂತಿಯನ್ನು ಅದಕ್ಕೆ ಸೇರಿಸಿ. ಬೆರಳು ಮೆಟ್ಟಿಲಿನ ಪಕ್ಕದಲ್ಲೇ ಹಿಂದೆ ಇರಲಿ, ಹಗುರವಾಗಿ ಒತ್ತಿ. ಗಟ್ಟಿಯಾಗಿ ಒತ್ತಿದರೆ ತಂತಿ ಎಳೆದ ಹಾಗಾಗಿ ಸ್ವರ ಏರುತ್ತದೆ, ನೀವು ಸುಳ್ಳು ಸ್ವರಕ್ಕೆ ಸೇರಿಸಿದ ಹಾಗಾಗುತ್ತದೆ. ಆಮೇಲೆ ಒಮ್ಮೆ ಪರೀಕ್ಷೆ: ಇ ತಂತಿಯ ಐದನೇ ಮೆಟ್ಟಿಲು ಖಾಲಿ ಎ ಜೊತೆ ಹೊಂದಬೇಕು. ಕೊನೆಗೆ ಎಫ್ ಕಾರ್ಡ್. ಪುಟ್ಟಿ, ತಗೋ, ನೀನೇ ಹಿಡಿದು ನೋಡು. ಚೆನ್ನಾಗಿದೆ ಅಲ್ವಾ?

ಟ್ಯೂನರ್ ಬೇಡ ಅಂತ ನಾನು ಹೇಳುತ್ತಿಲ್ಲ. ಕ್ಲಿಪ್ ಟ್ಯೂನರ್ ಮರದ ಕಂಪನವನ್ನೇ ಹಿಡಿಯುತ್ತದೆ, ಹೊರಗೆ ಬಿ.ಎಂ. ರಸ್ತೆಯಲ್ಲಿ ಬಸ್ಸು ಎಷ್ಟು ಹಾರ್ನ್ ಹೊಡೆದರೂ ಅದಕ್ಕೆ ತೊಂದರೆ ಇಲ್ಲ. ಮೊಬೈಲ್ ಆ್ಯಪ್ ಮೈಕಿನಿಂದ ಕೇಳುವುದು, ಗಲಾಟೆಯಲ್ಲಿ ತಬ್ಬಿಬ್ಬಾಗುತ್ತದೆ. ವೇದಿಕೆ ಮೇಲೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಕ್ಲಿಪ್ಪೇ ಸರಿ. ಆದರೆ ಎರಡು ವಿಷಯ ನೋಡಿಕೊಳ್ಳಿ. ಅದರಲ್ಲಿ ಗಿಟಾರ್, ವಯಲಿನ್, ಯುಕುಲೇಲಿ ಅಂತ ಬೇರೆ ಬೇರೆ ಮೋಡ್ ಇರುತ್ತದೆ, ಗಿಟಾರ್ ಮೋಡಲ್ಲಿದ್ದರೆ ನಿಮ್ಮ ಸಿ ತಂತಿಗೆ ಅದು ಉತ್ತರ ಕೊಡುವುದಿಲ್ಲ. ಇನ್ನೊಂದು, ಮೂಲೆಯಲ್ಲಿ 440 ಅಂತ ಇರಬೇಕು. 1939ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ಎ ಅಂದರೆ 440 ಅಂತ ಒಪ್ಪಿಕೊಂಡಿದ್ದು, ಈಗ ಹೆಚ್ಚಿನವರು ಅದನ್ನೇ ಬಳಸುತ್ತಾರೆ. ಮಕ್ಕಳು ಗುಂಡಿ ಒತ್ತಿ ಅದು 435ಕ್ಕೆ ಹೋಗಿದ್ದರೆ ಒಬ್ಬರೇ ನುಡಿಸುವಾಗ ಗೊತ್ತಾಗುವುದಿಲ್ಲ, ಕೀಬೋರ್ಡ್ ಜೊತೆ ಕೂತಾಗ ಗೊತ್ತಾಗುತ್ತದೆ.

ಹೊಸ ತಂತಿ ಹಾಕಿದವರು ಬೇಜಾರು ಮಾಡಿಕೊಳ್ಳಬೇಡಿ. ನೈಲಾನ್ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಬೆಳಗ್ಗೆ ಸೇರಿಸಿದ್ದು ಸಂಜೆಗೆ ಇಳಿದಿರುತ್ತದೆ. ತಂತಿಯನ್ನು ಮಧ್ಯದಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದು ಬಿಡಿ, ಮತ್ತೆ ಶ್ರುತಿ ಮಾಡಿ, ಮತ್ತೆ ಎಳೆಯಿರಿ. ಬಿರಡೆಗೆ ಎರಡು ಮೂರು ಸುತ್ತು ಇರಲಿ, ಒಂದರ ಮೇಲೊಂದು ಏರದ ಹಾಗೆ. ಎಷ್ಟು ಮಾಡಿದರೂ ಶ್ರುತಿ ನಿಲ್ಲದಿದ್ದರೆ ಕುದುರೆಯ, ಅಂದರೆ ಕೆಳಗಡೆ ತಂತಿ ಕಟ್ಟಿರುವ ಪಟ್ಟಿಯ, ಹತ್ತಿರದ ಗಂಟು ನೋಡಿ, ಅದು ಜಾರುತ್ತಿರಬಹುದು.

ಖಾಲಿ ತಂತಿ ಸರಿ ಇದೆ, ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ಅಪಸ್ವರ ಅಂದರೆ ಹನ್ನೆರಡನೇ ಮೆಟ್ಟಿಲು ಒತ್ತಿ ಟ್ಯೂನರ್ ನೋಡಿ. ಅದು ಖಾಲಿ ತಂತಿಯ ಸ್ವರವನ್ನೇ ಮೇಲಿನ ಸ್ಥಾಯಿಯಲ್ಲಿ ಕೊಡಬೇಕು. ಕೊಡದಿದ್ದರೆ ಮೊದಲು ತಂತಿ ಬದಲಿಸಿ ನೋಡಿ. ಆಗಲೂ ಹಾಗೇ ಇದ್ದರೆ ವಾದ್ಯದ್ದೇ ದೋಷ, ಅದಕ್ಕೆ ಮಗುವನ್ನು ಬೈಯಬೇಡಿ.

ಕೊನೆಯದಾಗಿ ನಮ್ಮ ಹವೆ. ಹಾಸನ ಪಟ್ಟಣದಲ್ಲಿ ಪರವಾಗಿಲ್ಲ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯಿಂದ ಬಂದವರಿಗೆ ಇದು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಮನೆಗಳಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಶ್ರುತಿ ದಿನಾ ಅಲುಗಾಡುತ್ತದೆ. ಹೊರಗೋಡೆಗೆ ನೇತು ಹಾಕಬೇಡಿ. ಚೀಲದೊಳಗೆ ಇಡಿ, ಜೊತೆಗೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು ಹಾಕಿ. ಪ್ಲೈವುಡ್ಡಿನ ವಾದ್ಯ ಇಂಥ ಹವೆಯನ್ನು ಇಡೀ ಮರದ್ದಕ್ಕಿಂತ ಚೆನ್ನಾಗಿ ತಡೆಯುತ್ತದೆ, ಮಳೆ ಊರಿನವರು ಮಗುವಿಗೆ ಮೊದಲು ಅದನ್ನೇ ಕೊಡಿಸಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರೊಳಗೆ ಮಾತ್ರ ಬಿಡಲೇಬೇಡಿ, ಕುದುರೆಯ ಅಂಟು ಬಿಟ್ಟುಕೊಳ್ಳುತ್ತದೆ. ಹಲ್ಲಿಲ್ಲದ, ಸುಮ್ನೆ ಒತ್ತಿ ನಿಲ್ಲುವ ಬಿರಡೆ ಇರುವ ವಾದ್ಯವಾದರೆ ಹಿಂದುಗಡೆ ಚಿಕ್ಕ ಸ್ಕ್ರೂ ಇರುತ್ತದೆ. ಬಿರಡೆ ತಾನಾಗಿ ತಿರುಗಿಕೊಳ್ಳುತ್ತಿದ್ದರೆ ಅದನ್ನು ಕಾಲು ಸುತ್ತು ಬಿಗಿ ಮಾಡಿ.

ಈಗ ಎಲ್ಲರೂ ವಾದ್ಯ ಹೊರಗೆ ತೆಗೆಯಿರಿ. ಟ್ಯೂನರ್ ಚೀಲದಲ್ಲೇ ಇರಲಿ. ಎಡಗಡೆ ಸಾಲಿನಿಂದ ಒಬ್ಬೊಬ್ಬರೇ ಸಿ ತಂತಿ ಮೀಟಿ, ಬಾಕಿಯವರು ಕೈಯಲ್ಲಿ ತಂತಿ ಮುಚ್ಚಿ ಹಿಡಿಯಿರಿ, ಇಲ್ಲದಿದ್ದರೆ ಯಾರ ದನಿ ಯಾವುದು ಅಂತ ಯಾರಿಗೂ ಕೇಳಿಸುವುದಿಲ್ಲ.