ಹಂಚಿನ ಸಂದಿಯಲ್ಲಿ ಕಂಡ ಸೂರ್ಯ

(ವಿಜ್ಞಾನ ದಿನದಂದು ಕಾರವಾರದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಇವತ್ತು ಫೆಬ್ರವರಿ 28. ರಾಮನ್ ಅವರ 1928ರ ಶೋಧದ ಬಗ್ಗೆ ಮಕ್ಕಳು ಬೆಳಿಗ್ಗೆಯೇ ಚೆನ್ನಾಗಿ ಹೇಳಿದ್ದಾರೆ. ನನಗೆ ಕೊಟ್ಟಿರುವುದು ನಂಬಿಕೆ, ವಿಜ್ಞಾನ ಮತ್ತು ರಾಜಕಾರಣ. ಇದನ್ನು ನಾನು ನಮ್ಮ ಅಂಕೋಲೆಯ ಮನೆಯಿಂದಲೇ ಶುರು ಮಾಡುತ್ತೇನೆ.

1980ರ ಫೆಬ್ರವರಿ 16, ಶನಿವಾರ. ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬಿ ಸಮುದ್ರ ದಾಟಿ ಭಾರತದ ನೆಲ ಮುಟ್ಟಿದ್ದೇ ನಮ್ಮ ಈ ಕರಾವಳಿಯಲ್ಲಿ. ಅದನ್ನು ನೋಡಲು ವಿಜ್ಞಾನಿಗಳು ರಾಯಚೂರಿನ ಜವಳಗೇರಾದಲ್ಲಿ ಕ್ಯಾಂಪ್ ಹಾಕಿದ್ದರು. ನಾನು ಆಗ ನಾಲ್ಕನೇ ಇಯತ್ತೆ. ನಾನು ಎಲ್ಲಿದ್ದೆ? ಮನೆಯೊಳಗೆ, ಬಾಗಿಲಿಗೆ ಅಗಳಿ ಹಾಕಿಸಿಕೊಂಡು.

ಅಜ್ಜಿ ಬೆಳಿಗ್ಗೆಯೇ ಉಪ್ಪಿನಕಾಯಿ ಭರಣಿ, ಹಾಲಿನ ತಪ್ಪಲೆ, ನೀರಿನ ಕೊಡ ಎಲ್ಲದರ ಮೇಲೂ ದರ್ಭೆ ಇಟ್ಟಿದ್ದಳು. ಕಿಟಕಿಗಳಿಗೆ ಗೋಣಿಚೀಲ ಕಟ್ಟಿದ್ದಳು. ನಮ್ಮದು ನಾಡಹಂಚಿನ ಮನೆ. ಹಂಚಿನ ಸಂದಿಯಿಂದ ಬಿಸಿಲು ಇಳಿದು ಸೆಗಣಿ ಸಾರಿಸಿದ ನೆಲದ ಮೇಲೆ ದಿನಾ ಬೀಳುತ್ತಿತ್ತು. ನಾಲ್ಕಾಣೆ ಪಾವಲಿಯ ಹಾಗೆ, ಗುಂಡಗೆ. ಅವತ್ತು ನೋಡುತ್ತೇನೆ, ಪ್ರತಿಯೊಂದು ಪಾವಲಿಯ ಒಂದು ಬದಿ ಕಚ್ಚಿಕೊಂಡು ಹೋಗಿದೆ! ನೋಡುತ್ತ ನೋಡುತ್ತ ಅವೆಲ್ಲ ಕತ್ತರಿಸಿದ ಉಗುರಿನಷ್ಟು ತೆಳ್ಳಗಾದವು. ನೆಲದ ತುಂಬ ಸಣ್ಣ ಸಣ್ಣ ಬಿದಿಗೆ ಚಂದ್ರಗಳು. ಅಜ್ಜಿಯನ್ನು ಕರೆದೆ. ಜಪ ಮಾಡುತ್ತಿದ್ದವಳು ಎದ್ದು ಬಂದು ಬಗ್ಗಿ ನೋಡಿದಳು. "ಹೌದಲಾ ತಮಾ, ಇದೆಂತದು?" ಅಂದಳು. ಅಷ್ಟರಲ್ಲಿ ಕತ್ತಲು. ಕೊಟ್ಟಿಗೆಯಲ್ಲಿ ದನ ಕೂಗಿತು. ಆಮೇಲೆ ಎಲ್ಲಿಯೂ ಒಂದು ಸದ್ದಿಲ್ಲ.

ಸೋಮವಾರ ಶಾಲೆಯಲ್ಲಿ ಮಾಸ್ತರು ಕೇಳಿದರು, "ಗ್ರಹಣ ಯಾರು ನೋಡಿದಿರಿ?" ಒಂದೂ ಕೈ ಮೇಲೇಳಲಿಲ್ಲ. ನಾನು ಅಂಜುತ್ತ ನೆಲದ ಪಾವಲಿಯ ವಿಷಯ ಹೇಳಿದೆ. ಮಾಸ್ತರ ಮುಖ ಅರಳಿತು. "ನೀನು ನೋಡಿದ್ದು ಸೂರ್ಯನನ್ನೇ ಮಾರಾಯ! ಹಂಚಿನ ಸಂದಿ ಚಿಕ್ಕದಾದರೆ ನೆಲದ ಮೇಲೆ ಬೀಳುವುದು ಸಂದಿಯ ಆಕಾರ ಅಲ್ಲ, ಸೂರ್ಯನ ಚಿತ್ರ" ಅಂದರು. ಒಂದು ರಟ್ಟಿಗೆ ಸೂಜಿಯಿಂದ ತೂತು ಮಾಡಿ ತೋರಿಸಿದರು. ನಾನು ಅದನ್ನು ಹಿಡಿದುಕೊಂಡು ಮನೆಗೆ ಓಡಿದೆ, ಅಜ್ಜಿಗೆ ತೋರಿಸಲು.

ಹದಿನೈದು ವರ್ಷದ ಮೇಲೆ, 1995ರ ಅಕ್ಟೋಬರ್ 24ರಂದು, ನಮ್ಮ ಕಡೆ ಪಾರ್ಶ್ವ ಗ್ರಹಣ. ಅಜ್ಜಿ ಅವತ್ತೂ ಭರಣಿಗೆ ದರ್ಭೆ ಇಟ್ಟಳು. ಇಟ್ಟು, ಅಂಗಳಕ್ಕೆ ಬಂದು, "ಆ ತೂತಿನ ರಟ್ಟು ಎಲ್ಲಿಟ್ಟೆ?" ಅಂತ ಕೇಳಿದಳು!

ಈ ಕಥೆ ಉದ್ದವಾಯಿತು, ಗೊತ್ತು. ಆದರೆ ಹೇಳಲೇಬೇಕಿತ್ತು. ಯಾಕೆಂದರೆ ನನಗೆ ಅಜ್ಜಿಯ ಜೊತೆ ಜಗಳ ಇಲ್ಲ. ಅವಳ ದರ್ಭೆ ಅವಳ ಭರಣಿಯ ಮೇಲಿತ್ತು. ಊರಿಗೆಲ್ಲ ಇಡಿ ಅಂತ ಅವಳು ಸುತ್ತೋಲೆ ಹೊರಡಿಸಲಿಲ್ಲ. ಸರ್ಕಾರ ಹೊರಡಿಸಿತು. 2019ರಲ್ಲಿ ಮುಂಗಾರು ತಡವಾದಾಗ ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಿ ಅಂತ ಆದೇಶ ಬಂತು. 2012ರ ಬರದಲ್ಲೂ ದೇವಸ್ಥಾನಗಳಲ್ಲಿ ಮಳೆಗಾಗಿ ಪೂಜೆ ಮಾಡಿಸಲು ಹೇಳಿದ್ದರು. ಆಗ ಇದ್ದದ್ದು ಬೇರೆ ಪಕ್ಷದ ಸರ್ಕಾರ. ಹಳ್ಳಿಯವರು ಮಳೆಗಾಗಿ ಕಪ್ಪೆ ಮದುವೆ ಮಾಡಲಿ, ಅದು ಅವರ ಸಂಕಟದ ಹಾಡು. ಆದರೆ ಸರ್ಕಾರದ ಕೈಯಲ್ಲಿ ಕೆರೆ ಇದೆ, ಕಾಲುವೆ ಇದೆ, ಬಜೆಟ್ ಇದೆ. ಹೋಮ ಮಾಡಿಸಿದರೆ ಲೆಕ್ಕ ಯಾರನ್ನು ಕೇಳುವುದು? ಮಳೆ ಬಂದರೆ ನಮ್ಮ ಹೋಮ ಅನ್ನುತ್ತಾರೆ. ಬರದಿದ್ದರೆ ದೇವರ ಇಚ್ಛೆ. ಹೂಳು ತುಂಬಿದ ಕೆರೆಯ ಮಾತು ಮಾತ್ರ ಎಲ್ಲೂ ಬರುವುದಿಲ್ಲ.

'ದೇವರ ಇಚ್ಛೆ' ಅನ್ನುವ ಈ ಮಾತನ್ನು ನಾನು ಅಂಕೋಲೆಯ ಶಿರೂರಿನಲ್ಲಿ ಕೇಳಿದೆ. 2024ರ ಜುಲೈ 16, ಬೆಳಿಗ್ಗೆ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ನಮ್ಮದೇ ಹೆದ್ದಾರಿ, ನಮ್ಮದೇ ಗಂಗಾವಳಿ. ಗುಡ್ಡ ರಸ್ತೆಯನ್ನು ದಾಟಿ ಹೊಳೆಗೆ ಬಿತ್ತು. ಚಹಾದಂಗಡಿ ಹೋಯಿತು, ಅಲ್ಲಿದ್ದವರು ಹೋದರು, ಲಾರಿಗಳು ಹೋದವು. ಒಂದು ಲಾರಿಯನ್ನು ಹೊಳೆಯ ತಳದಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ಕ್ಕೆ. ಗುಡ್ಡ ಬಿದ್ದ ಕೆಲವು ದಿನ ಬಿಟ್ಟು ನಾನು ಹೋದಾಗ ಕೆಂಪು ಮಣ್ಣಿನಲ್ಲಿ ಒಂದು ಅಲ್ಯೂಮಿನಿಯಂ ಪಾತ್ರೆ ಅರ್ಧ ಹೂತು ನಿಂತಿತ್ತು. ಪಕ್ಕದಲ್ಲಿದ್ದ ಹಿರಿಯರು ಅದನ್ನೇ ನೋಡುತ್ತ, "ಎಲ್ಲ ದೇವರ ಇಚ್ಛೆ ಹೌದು" ಅಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಎದುರು ಮಾತಾಡಲಿಲ್ಲ. ದುಃಖದಲ್ಲಿರುವವರಿಗೆ ಆ ಮಾತೇ ಊರುಗೋಲು.

ಅದೇ ಮಾತು ಅಧಿಕಾರದಲ್ಲಿ ಇರುವವರ ಬಾಯಲ್ಲಿ ಬಂದರೆ? ಅಲ್ಲಿ ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿದಿದ್ದರು. ಬುಡ ಕಡಿದ ಗುಡ್ಡ ಅಂದರೆ ಒಂದು ಕಾಲು ಮುರಿದ ಮೇಜು. ಮೇಲೆ ದಿನಗಟ್ಟಲೆ ಸುರಿದ ಆಷಾಢದ ಮಳೆ ಮಣ್ಣಿನೊಳಗೆ ಇಳಿದು, ಭಾರ ಹೆಚ್ಚಿಸಿ, ಹಿಡಿತ ಸಡಿಲ ಮಾಡಿತು. ಇದರಲ್ಲಿ ಮಳೆ ದೇವರದು ಅಂತಲೇ ಇಟ್ಟುಕೊಳ್ಳೋಣ. ಜೆಸಿಬಿ ಯಾರದ್ದು? 2009ರಲ್ಲಿ ಇಲ್ಲೇ ಕಡವಾಡದಲ್ಲಿ ಗುಡ್ಡ ಕುಸಿದು ಜನ ಮಣ್ಣಿನಡಿ ಹೋಗಿದ್ದರು. ಅದಾದ ಮೇಲೂ ಯಾವ ಗುಡ್ಡ ಎಷ್ಟು ಕಡಿಯಬಹುದು ಅಂತ ನಾವು ಕೇಳದಿದ್ದರೆ ತಪ್ಪು ನಮ್ಮದೂ ಹೌದು, ಅಲ್ವಾ?

ಹಾಗಂತ ನಂಬಿಕೆ ಯಾವಾಗಲೂ ವಿಜ್ಞಾನದ ಎದುರು ಪಾಳಯ ಅಂದುಕೊಳ್ಳಬೇಡಿ. ಘಟ್ಟದ ಮೇಲೆ ದೇವರಕಾಡು ಉಳಿದದ್ದು ಭಯಭಕ್ತಿಯಿಂದ. ಅಲ್ಲಿಯ ಮರ ಕಡಿಯಲು ಇವತ್ತಿಗೂ ಕೈ ನಡುಗುವವರಿದ್ದಾರೆ. ಅದೇ ಘಟ್ಟದ ಮೇಲಿನ ಶಿರಸಿಯಲ್ಲಿ 1981ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘ ವಿಜ್ಞಾನಿಗಳನ್ನು ಕರೆಸಿ, ಬೇಡ್ತಿ ಅಣೆಕಟ್ಟಿನ ಲಾಭ ನಷ್ಟ ಕೂಡಿಸಿ ಕಳೆದು ನೋಡಿತು. ತೋಟಿಗರು ಲೆಕ್ಕ ಕೇಳಿದರು! ಆ ಯೋಜನೆ ಮುಂದೆ ಹೋಗಲಿಲ್ಲ. ಈಗ ಬೇಡ್ತಿ-ವರದಾ ನದಿ ಜೋಡಣೆ ಬೇಡ ಅನ್ನುವ ಹೋರಾಟಕ್ಕೆ ಸ್ವರ್ಣವಲ್ಲೀ ಸ್ವಾಮೀಜಿಯವರು ಮುಂದೆ ನಿಂತಿದ್ದಾರೆ. ಅವರ ಜೊತೆ ವಿಜ್ಞಾನಿಗಳೂ ಇದ್ದಾರೆ. ಕಾವಿ ಬಟ್ಟೆ ಕಂಡ ಕೂಡಲೇ ಮುಖ ತಿರುಗಿಸುವ ನಮ್ಮ ಕೆಲವು ವಿಚಾರವಾದಿ ಗೆಳೆಯರು ಇದನ್ನು ಸ್ವಲ್ಪ ನಿಂತು ನೋಡಬೇಕು.

ಸಮಯ ಆಯಿತು ಅಂತ ಚೀಟಿ ಬಂದಿದೆ. ಬೇಗ ಹೇಳುತ್ತೇನೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿ ಹೇಳುತ್ತದೆ. ಅದು ಸೇರಿದ್ದು 1976ರಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ್ದೂ ಅದೇ ವರ್ಷ. 2018ರಲ್ಲಿ ಕೇಂದ್ರದ ಸಚಿವರೊಬ್ಬರು ಡಾರ್ವಿನ್ ಹೇಳಿದ್ದು ತಪ್ಪು, ಪಠ್ಯ ಬದಲಾಗಬೇಕು ಅಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಆದರೂ ಈಗ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಲ್ಲಿ ವಿಕಾಸವಾದದ ಪಾಠ ಇಲ್ಲ. ಇದರ ಬಗ್ಗೆ ಶಿಕ್ಷಕರು ಜಾಸ್ತಿ ಮಾತಾಡಬೇಕು.

ಮಂಗನ ಕಾಯಿಲೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು ಬಂದಿದ್ದೆ. ಒಂದೇ ಮಾತು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ ರೋಗ ಸಿದ್ದಾಪುರ, ಹೊನ್ನಾವರದ ಹಳ್ಳಿಗಳಲ್ಲಿ ಇನ್ನೂ ಜೀವ ತೆಗೆಯುತ್ತಿದೆ. ತರುವುದು ಉಣುಗು. ಹಳೆ ಲಸಿಕೆ ನಿಂತಿದೆ. ಹೊಸದು ಯಾವಾಗ ಅಂತ ಮತ ಕೇಳಲು ಬಂದವರನ್ನು ಕೇಳಿ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳುವ ಮೊದಲು ಕೇಳಿ.

ಜೂನ್‌ಗೆ ಇನ್ನು ಮೂರು ತಿಂಗಳು. ನಿಮ್ಮ ಊರ ರಸ್ತೆಯ ಪಕ್ಕ ಬುಡ ಕಡಿದ ಗುಡ್ಡ ಇದ್ದರೆ ಫೋಟೊ ತೆಗೆದು, ತಾರೀಕು ಬರೆದು ಗ್ರಾಮಸಭೆಯಲ್ಲಿ ಅರ್ಜಿ ಕೊಡಿ. ಅರ್ಜಿಯ ನಮೂನೆ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಚಹಾ ಮುಗಿಯುವವರೆಗೂ ನಾನು ಅಲ್ಲೇ ಇರುತ್ತೇನೆ, ತುಂಬಲು ಕಷ್ಟವಾದರೆ ಬನ್ನಿ.