ದಡ್ಡ ಇನ್‌ಸ್ಪೆಕ್ಟರ್ ಯಾರಿಗೆ ಬೇಕು?

ಎಲ್ಲರಿಗೂ ನಮಸ್ಕಾರ.

ಪತ್ತೇದಾರಿ ಕಥೆ ಓದುವವರಿಗೆಲ್ಲ ಈ ಮನುಷ್ಯ ಚೆನ್ನಾಗಿ ಗೊತ್ತು. ಕೊಲೆ ನಡೆದ ಮನೆಗೆ ಮೊದಲು ಬರುವವನು ಇವನೇ. ಬಂದವನೇ ಕೈಗೆ ಸಿಕ್ಕವನನ್ನು ಹಿಡಿದು ಒಳಗೆ ಹಾಕುತ್ತಾನೆ, ಪತ್ರಿಕೆಯವರ ಮುಂದೆ ಎದೆಯುಬ್ಬಿಸಿ ನಿಲ್ಲುತ್ತಾನೆ. ಕೊನೆಯ ಅಧ್ಯಾಯದಲ್ಲಿ ಖಾಸಗಿ ಪತ್ತೇದಾರ ಒಂದೊಂದೇ ಗಂಟು ಬಿಚ್ಚುವಾಗ ಮೂಲೆಯಲ್ಲಿ ಬಾಯಿಬಿಟ್ಟುಕೊಂಡು ಕೂತಿರುತ್ತಾನೆ. ನಮ್ಮ ಹಳೆಯ ಸಿನಿಮಾಗಳಲ್ಲಂತೂ ಹೊಡೆದಾಟವೆಲ್ಲ ಮುಗಿದ ಮೇಲೆಯೇ ಜೀಪು ಬರುವುದು. ಈ ದಡ್ಡ ಪೊಲೀಸ್ ಎಲ್ಲಿಂದ ಬಂದ, ಕಥೆಗಾರರಿಗೆ ಅವನು ಯಾಕೆ ಅಷ್ಟು ಬೇಕಾದವನಾದ ಎನ್ನುವುದು ಇವತ್ತಿನ ಮಾತು. ನನ್ನ ಗುಮಾನಿ ಇಷ್ಟು: ಪೊಲೀಸರ ಮೇಲೆ ಹೊರಿಸಬಹುದಾದ ಆರೋಪಗಳಲ್ಲೆಲ್ಲ ದಡ್ಡತನವೇ ತೀರಾ ಮೆತ್ತನೆಯದು.

ಎಡ್ಗರ್ ಅಲನ್ ಪೋ 1840ರ ದಶಕದಲ್ಲಿ ಬರೆದ ಕದ್ದ ಕಾಗದದ ಕಥೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥ ಒಬ್ಬ ಮಂತ್ರಿಯ ಮನೆಯನ್ನು ಜಾಲಾಡುತ್ತಾನೆ. ದಿಂಬುಗಳಿಗೆ ಸೂಜಿ ಚುಚ್ಚಿಸುತ್ತಾನೆ, ಮೇಜಿನ ಹಲಗೆ ಕಳಚಿಸುತ್ತಾನೆ, ಕುರ್ಚಿಯ ಕೀಲುಗಳನ್ನು ಸೂಕ್ಷ್ಮದರ್ಶಕ ಹಿಡಿದು ನೋಡಿಸುತ್ತಾನೆ. ಕಾಗದವೋ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ನೇತಾಡುತ್ತಿದೆ. ಈ ಮನುಷ್ಯ ಸೋಮಾರಿಯಲ್ಲ, ಅದನ್ನು ಗಮನಿಸಿ. ಮಂತ್ರಿ ಕವಿತೆ ಬರೆಯುತ್ತಾನೆ, ಕವಿಗಳೆಂದರೆ ಮುಕ್ಕಾಲು ಮೂರುವೀಸ ಪೆದ್ದರು ಎಂಬ ಅವನ ಲೆಕ್ಕಾಚಾರವೇ ಅವನನ್ನು ಮುಳುಗಿಸಿತು. (ಸಭೆಯಲ್ಲಿ ಕವಿಗಳಿದ್ದರೆ, ಇದು ಅವನ ಮಾತು, ನನ್ನದಲ್ಲ.) ಇಂಥವನಿಂದ ಕಥೆಗಾರನಿಗೆ ಆಗುವ ಉಪಕಾರ ದೊಡ್ಡದು. ಓದುತ್ತಿರುವ ನಾವೂ ಅದೇ ತಪ್ಪು ಊಹೆ ಮಾಡಿರುತ್ತೇವೆ. ಇನ್‌ಸ್ಪೆಕ್ಟರ್ ಅದನ್ನು ಜೋರಾಗಿ ಹೇಳಿಬಿಡುತ್ತಾನೆ, ಮುಖಭಂಗ ಅವನ ಪಾಲಿಗೆ ಹೋಗುತ್ತದೆ, ನಾವು ಬುದ್ಧಿವಂತರ ಸಾಲಿನಲ್ಲಿ ಉಳಿಯುತ್ತೇವೆ.

ಆದರೆ ಕಥೆಯ ಅನುಕೂಲ ಒಂದರಿಂದಲೇ ಇವನು ಹುಟ್ಟಲಿಲ್ಲ. 1860ರ ಜೂನ್ ಕೊನೆಯಲ್ಲಿ ಇಂಗ್ಲೆಂಡಿನ ರೋಡ್ ಹಿಲ್ ಹೌಸ್ ಎಂಬ ದೊಡ್ಡ ಮನೆಯಲ್ಲಿ ನಾಲ್ಕು ವರ್ಷವೂ ತುಂಬದ ಮಗುವೊಂದು ರಾತ್ರಿ ಹಾಸಿಗೆಯಿಂದ ಕಾಣೆಯಾಯಿತು. ಹಿತ್ತಿಲ ಪಾಯಿಖಾನೆಯಲ್ಲಿ ಕತ್ತು ಕೊಯ್ದ ಹೆಣ ಸಿಕ್ಕಿತು. ಊರಿನ ಪೊಲೀಸರಿಗೆ ಮನೆಯ ಒಲೆಗೂಡಿನಲ್ಲಿ ರಕ್ತದ ಕಲೆಯಿದ್ದ ಹೆಣ್ಣುಡುಪೊಂದು ಸಿಕ್ಕಿತು. ಇಟ್ಟವರು ತೆಗೆಯಲು ಬಂದಾಗ ಹಿಡಿಯೋಣ ಎಂದು ಅದನ್ನು ಅಲ್ಲೇ ವಾಪಸ್ ಇಟ್ಟರು. ಆ ರಾತ್ರಿ ಕಾವಲಿಗಿದ್ದ ಪೇದೆಗಳನ್ನು ಮನೆಯ ಯಜಮಾನ ಅಡುಗೆಮನೆಯೊಳಗೆ ಬಿಟ್ಟು ಹೊರಗಿನಿಂದ ಅಗಳಿ ಹಾಕಿಬಿಟ್ಟ. ಬಟ್ಟೆ ಮಾಯವಾಯಿತು. ನಾಚಿಕೆಗೇಡೆಂದು ಊರಿನ ಪೊಲೀಸರು ವಿಷಯವನ್ನೇ ನುಂಗಿಕೊಂಡರು. ಲಂಡನ್ ಪೊಲೀಸರ ಕೇಂದ್ರ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡಿನಿಂದ ಬಂದ ಪತ್ತೇದಾರ ಜಾಕ್ ವಿಚರ್‌ಗೂ ಹೇಳಲಿಲ್ಲ. ವಿಚರ್ ಮಗುವಿನ ಮಲ ಅಕ್ಕ, 16 ವರ್ಷದ ಕಾನ್‌ಸ್ಟನ್ಸ್ ಕೆಂಟ್ ಮೇಲೆ ಅನುಮಾನಪಟ್ಟು ಅವಳನ್ನು ಬಂಧಿಸಿದ. ಅವನ ಕೈಯಲ್ಲಿದ್ದದ್ದು, ಅವಳ ರಾತ್ರಿಯುಡುಪು ಒಂದು ಕಡಿಮೆಯಿದೆ ಎಂಬ ಅಗಸಗಿತ್ತಿಯ ಲೆಕ್ಕ ಮಾತ್ರ. ಮ್ಯಾಜಿಸ್ಟ್ರೇಟರು ಹುಡುಗಿಯನ್ನು ಬಿಟ್ಟರು. ದೊಡ್ಡ ಮನೆತನದ ಹೆಣ್ಣುಮಗಳ ಒಗೆಯುವ ಬಟ್ಟೆ ಎಣಿಸಲು ಬಂದ ಕೀಳು ಪೊಲೀಸಿನವನೆಂದು ಪತ್ರಿಕೆಗಳು ವಿಚರ್‌ನ ಜನ್ಮ ಜಾಲಾಡಿದವು. 1864ರಲ್ಲಿ ಅವನು ನಿವೃತ್ತಿ ಪಡೆದ. 1865ರಲ್ಲಿ ಕಾನ್‌ಸ್ಟನ್ಸ್ ತಾನಾಗಿಯೇ ಬಂದು ತಪ್ಪೊಪ್ಪಿಕೊಂಡಳು.

ವಿಲ್ಕಿ ಕಾಲಿನ್ಸ್ 1868ರಲ್ಲಿ ‘ದ ಮೂನ್‌ಸ್ಟೋನ್’ ಬರೆಯುವಾಗ ಇದನ್ನೆಲ್ಲ ಬಳಸಿಕೊಂಡ. ನಮಗೆ ಆ ಕಾದಂಬರಿಯ ಜೊತೆ ಬೇರೆ ನಂಟೂ ಇದೆ. ಅದು ಆರಂಭವಾಗುವುದೇ 1799ರ ಮೇ 4ರಂದು ನಮ್ಮ ಶ್ರೀರಂಗಪಟ್ಟಣ ಬಿದ್ದ ಹೊತ್ತಿಗೆ. ಟಿಪ್ಪುವಿನ ಶಸ್ತ್ರಾಗಾರದಿಂದ ಇಂಗ್ಲಿಷ್ ಅಧಿಕಾರಿಯೊಬ್ಬ ಕೊಂದು ಕದ್ದ ವಜ್ರ ಇಂಗ್ಲೆಂಡಿನ ಮನೆಯೊಂದರಲ್ಲಿ ಮತ್ತೆ ಕಳುವಾಗುತ್ತದೆ. ಮೊದಲ ಕಳವಿಗೆ ಯಾವ ಪೊಲೀಸೂ ಬರುವುದಿಲ್ಲ, ಎರಡನೆಯದಕ್ಕೆ ಇಬ್ಬರು ಬರುತ್ತಾರೆ! ಒಬ್ಬ ಸೂಪರಿಂಟೆಂಡೆಂಟ್ ಸೀಗ್ರೇವ್. ಹೊಸದಾಗಿ ಬಣ್ಣ ಬಳಿದ ಬಾಗಿಲ ಮೇಲೆ ಒಂದು ಕಡೆ ಬಣ್ಣ ಕದಡಿದೆ. ಬೆಳಿಗ್ಗೆ ಕೋಣೆಗೆ ನುಗ್ಗಿದ ಕೆಲಸದ ಹೆಂಗಸರ ಲಂಗ ತಾಗಿರಬೇಕು, ಅದೆಲ್ಲ ಚಿಲ್ಲರೆ ವಿಷಯ ಎನ್ನುತ್ತಾನೆ ಸೀಗ್ರೇವ್. ಸಾರ್ಜೆಂಟ್ ಕಫ್ ಬಂದು, ಆ ಬಣ್ಣ ಒಣಗಲು ಎಷ್ಟು ಗಂಟೆ ಬೇಕು ಎಂದು ಕೇಳುತ್ತಾನೆ. ಲೆಕ್ಕ ಹಾಕಿದರೆ ಹೆಂಗಸರು ಒಳಗೆ ಬರುವ ಎಂಟು ಗಂಟೆ ಮೊದಲೇ ಅದು ಒಣಗಿತ್ತು. ಅಂದರೆ ರಾತ್ರಿಯೇ ಯಾರದೋ ಬಟ್ಟೆ ತಾಗಿದೆ. ಆ ಬಟ್ಟೆ ಹುಡುಕಬೇಕು. ರೋಡ್ ಹಿಲ್ಲಿನ ರಾತ್ರಿಯುಡುಪು ಇಲ್ಲಿ ಬೇರೆ ರೂಪದಲ್ಲಿ ವಾಪಸ್ ಬಂತು. ನನಗೆ ಹಿಡಿಸುವುದು, ಕಾಲಿನ್ಸ್ ಕಫ್‌ನನ್ನೂ ಮೊದಲು ಎಡವಿಸುತ್ತಾನೆ. ಇಬ್ಬರೂ ಪೊಲೀಸರೇ, ಇಬ್ಬರದೂ ತಪ್ಪೇ, ಆದರೆ ಎರಡು ತಪ್ಪುಗಳ ತೂಕ ಬೇರೆ.

ಈ ಸೂಕ್ಷ್ಮ ಮುಂದೆ ಉಳಿಯಲಿಲ್ಲ. 1877ರಲ್ಲಿ ಸ್ಕಾಟ್ಲೆಂಡ್ ಯಾರ್ಡಿನ ಪತ್ತೇದಾರಿ ವಿಭಾಗದ ದೊಡ್ಡ ದೊಡ್ಡವರೇ ಕಟಕಟೆಯಲ್ಲಿ ನಿಂತರು. ಕುದುರೆ ಜೂಜಿನ ಹೆಸರಲ್ಲಿ ಜನರಿಗೆ ಟೋಪಿ ಹಾಕುತ್ತಿದ್ದ ವಂಚಕರಿಂದ ಲಂಚ ತಿಂದು, ದಾಳಿಯ ಸುದ್ದಿಯನ್ನು ಅವರಿಗೆ ಮುಂಚಿತವಾಗಿ ಮುಟ್ಟಿಸುತ್ತಿದ್ದರು. ಮೂವರಿಗೆ ಜೈಲಾಯಿತು. ಮರುವರ್ಷ ಇಡೀ ವಿಭಾಗವನ್ನು ಕೆಡವಿ ಸಿಐಡಿ ಕಟ್ಟಿದರು. ಹತ್ತೇ ವರ್ಷಕ್ಕೆ, 1887ರಲ್ಲಿ, ಕಾನನ್ ಡಾಯ್ಲ್ ಹೋಮ್ಸ್‌ನ ಮೊದಲ ಕಥೆ ಪ್ರಕಟಿಸಿದ. ಅವನ ಕಣ್ಣೆದುರು ಲಂಚಕೋರ ಪತ್ತೇದಾರರ ಇತಿಹಾಸವಿತ್ತು. ಅವನು ಆರಿಸಿಕೊಂಡದ್ದು ಇನ್‌ಸ್ಪೆಕ್ಟರ್ ಲೆಸ್ಟ್ರೇಡ್‌ನನ್ನು. ಜಂಬದವನು, ಮೊಂಡ, ಆದರೆ ಕೈ ಶುದ್ಧ. ಎರಡನೇ ಕಾದಂಬರಿಯ ಆಥೆಲ್ನಿ ಜೋನ್ಸ್ ಸತ್ತವನ ಅವಳಿ ಸಹೋದರನನ್ನು, ಮನೆ ನೋಡಿಕೊಳ್ಳುವ ಹೆಂಗಸನ್ನು, ಗೇಟು ಕಾಯುವವನನ್ನು, ಲಾಲ್ ರಾವ್ ಎಂಬ ಭಾರತೀಯ ಬಟ್ಲರ್‌ನನ್ನು ಒಟ್ಟಿಗೆ ಗುಡಿಸಿಕೊಂಡು ಹೋಗುತ್ತಾನೆ. ಮಾರನೇ ದಿನದ ಪತ್ರಿಕೆ ಅವನ ಚುರುಕುತನವನ್ನು ಹೊಗಳುತ್ತದೆ. ನಾವು ನಗುತ್ತೇವೆ. ಲಾಲ್ ರಾವ್ ಠಾಣೆಯಲ್ಲಿ ಆ ರಾತ್ರಿ ಹೇಗೆ ಕಳೆದ ಎಂದು ಹೋಮ್ಸ್ ಕೇಳುವುದಿಲ್ಲ, ವ್ಯಾಟ್ಸನ್ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ.

ನಾರ್‌ವುಡ್ ಕಥೆಯನ್ನಂತೂ ಹೇಳಲೇಬೇಕು. 1903ರದು. ಒಬ್ಬ ಯುವ ವಕೀಲ ಕೊಲೆ ಆರೋಪದಲ್ಲಿ ಲಾಕಪ್ಪಿನಲ್ಲಿದ್ದಾನೆ. ಲೆಸ್ಟ್ರೇಡ್ ಹೋಮ್ಸ್‌ನನ್ನು ಕರೆದು ಗೋಡೆಯ ಮೇಲಿನ ರಕ್ತದ ಹೆಬ್ಬೆಟ್ಟಿನ ಗುರುತು ತೋರಿಸುತ್ತಾನೆ. ಮೇಣದ ಮೇಲೆ ತೆಗೆಸಿದ ವಕೀಲನ ಹೆಬ್ಬೆಟ್ಟಿಗೆ ಅದು ಸರಿಯಾಗಿ ಹೊಂದುತ್ತದೆ. ಹೋಮ್ಸ್ ಒಳಗೊಳಗೇ ನಗುತ್ತಾನೆ: ಹಿಂದಿನ ದಿನ ಆ ಗೋಡೆಯನ್ನು ಅವನು ಅಂಗುಲ ಅಂಗುಲ ನೋಡಿದ್ದ, ಗುರುತು ಇರಲಿಲ್ಲ. ಆರೋಪಿ ಒಳಗಿದ್ದಾಗ ಬೆರಳಚ್ಚು ಹೊರಗೆ ಹುಟ್ಟಿಕೊಂಡಿದೆ! ಕಥೆ ಸೊಗಸಾಗಿದೆ. ಆದರೆ ನಿಜ ಜೀವನದಲ್ಲಿ ಬೆರಳಚ್ಚಿನ ವಿದ್ಯೆ ಯಾರ ಮೇಜಿನ ಮೇಲೆ ಬೆಳೆಯಿತು? 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಸಾವಿರಾರು ಗುರುತುಗಳ ನಡುವೆ ಬೇಕಾದದ್ದು ಹುಡುಕಲು ಬರುವಂತೆ ವರ್ಗೀಕರಣ ರೂಪಿಸುವುದರಲ್ಲಿ ದುಡಿದವರು ಬಂಗಾಳದ ಪೊಲೀಸ್ ಇಲಾಖೆಯ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. 1901ರಲ್ಲಿ ಸ್ಕಾಟ್ಲೆಂಡ್ ಯಾರ್ಡ್ ಅದನ್ನೇ ತೆಗೆದುಕೊಂಡಿತು. ಕಥೆಯಲ್ಲಿ ಬೆರಳಚ್ಚು ನಂಬಿ ಪೊಲೀಸ್ ಪೆಚ್ಚಾದಾಗ, ಹೊರಗಿನ ಲೋಕದಲ್ಲಿ ಪೊಲೀಸ್ ಗುಮಾಸ್ತಿಕೆ ಹೋಮ್ಸ್‌ನ ಭೂತಗನ್ನಡಿಯನ್ನು ಹಿಂದೆ ಹಾಕಿ ಆಗಿತ್ತು.

ಈಗ ನಮ್ಮ ಕಡೆಗೆ. ದಡ್ಡ ಪೊಲೀಸನನ್ನು ಬ್ರಿಟಿಷರ ಕಥೆ ಕಂಡುಕೊಂಡಿತು, ಆದರೆ ಬ್ರಿಟಿಷರ ಕಾನೂನು ಇಲ್ಲಿ ಬೇರೆ ಪೊಲೀಸನನ್ನು ಕಂಡಿತ್ತು. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನ ಪ್ರಕಾರ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು 23ನೇ ಕಲಮಾಗಿ ಉಳಿದಿದೆ. ಪೊಲೀಸರಿಗೆ ಬುದ್ಧಿ ಸಾಲದೆಂದು ಬರೆದ ಕಲಮಲ್ಲ ಅದು. ಹೊಡೆದು ಹೇಳಿಸುತ್ತಾರೆ ಎಂಬ ಭಯದಿಂದ ಬರೆದದ್ದು. ಅದಕ್ಕೊಂದು ಕಿಂಡಿಯನ್ನೂ ಬಿಟ್ಟಿದ್ದಾರೆ. ಆರೋಪಿ ಹೇಳಿದ ಮಾತಿನಿಂದ ವಸ್ತುವೊಂದು ಸಿಕ್ಕಿದರೆ ಅಷ್ಟು ಮಾತು ನಡೆಯುತ್ತದೆ. ‘ಆರೋಪಿ ತೋರಿಸಿದ ಪೊದೆಯಿಂದ ಚಾಕು ವಶ’ ಎಂಬ ಸಾಲು ಪತ್ರಿಕೆಯಲ್ಲಿ ಅಷ್ಟು ಸಲ ಬರುವುದು ಇದರಿಂದ. ಅಲ್ಲಿ ಮಹಜರು ಬರೆಯಬೇಕು, ಸಾಕ್ಷಿಗಳಾಗಿ ಪಂಚರು ಸಹಿ ಹಾಕಬೇಕು. ವರ್ಷಗಳ ಮೇಲೆ ಪಂಚ ಕೋರ್ಟಿನಲ್ಲಿ ನಿಂತು, ‘ಠಾಣೆಗೆ ಕರೆದು ಸಹಿ ತಗೊಂಡ್ರು ಸ್ವಾಮಿ, ಏನು ಬರೆದಿತ್ತೋ ಗೊತ್ತಿಲ್ಲ’ ಎಂದರೆ ಕೇಸು ಬಿದ್ದಂತೆಯೇ.

ನಮ್ಮ ಪತ್ತೇದಾರಿ ಕಾದಂಬರಿಗಳು ಲೆಸ್ಟ್ರೇಡ್‌ನನ್ನು ಖಾಕಿ ಹಾಕಿಸಿ ಕರೆತಂದವು, ಈ ಮಹಜರಿನವನನ್ನು ಹೆಚ್ಚಾಗಿ ಹೊರಗೇ ನಿಲ್ಲಿಸಿದವು. ಬರೆಯುವ ಆಸೆ ಇರುವವರು ಇಲ್ಲಿದ್ದರೆ, ಕೊಲೆಯ ರಾತ್ರಿಯಿಂದ ಶುರುಮಾಡಬೇಡಿ. ಠಾಣೆಯ ಎದುರಿನ ಟೀ ಅಂಗಡಿಯ ಹುಡುಗನನ್ನು ಪಂಚನೆಂದು ಕರೆತರುವ ಬೆಳಗಿನಿಂದ ಶುರುಮಾಡಿ. ತನಿಖಾಧಿಕಾರಿ 24 ಗಂಟೆಯೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಮಧ್ಯಾಹ್ನ ಜಾತ್ರೆಯ ಬಂದೋಬಸ್ತು ಬೇರೆ ಇದೆ, ಮೇಲಿನವರು ಎರಡು ಸಲ ಫೋನ್ ಮಾಡಿದ್ದಾರೆ. ಖಾಲಿ ಹಾಳೆಯ ಕೆಳಗೆ ಹುಡುಗನಿಂದ ಸಹಿ ಹಾಕಿಸಿಕೊಳ್ಳುವಾಗ ತಾನು ಏನು ಮಾಡುತ್ತಿದ್ದೇನೆಂದು ಆ ಅಧಿಕಾರಿಗೆ ಚೆನ್ನಾಗಿ ಗೊತ್ತು.