ಮಳೆಯ ಲೆಕ್ಕಕ್ಕೆ ರಸ್ಟ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಕಾಲೇಜು ಅಂದಮೇಲೆ ನಿಮ್ಮಲ್ಲಿ ಹಲವರ ಮನೆಯಲ್ಲಿ ಅಡಿಕೆ ತೋಟ ಇರಲೇಬೇಕು. ಮಳೆ ಬಿಡದೆ ಹಿಡಿದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ. ಬೋರ್ಡೋ ದ್ರಾವಣ ಹೊಡೆಯೋಕೆ ಎರಡು ದಿನ ಮಳೆ ಬಿಟ್ಟು ಹೊಳ ಸಿಗುತ್ತದಾ ಅಂತ ಮನೆಯವರೆಲ್ಲ ಆಕಾಶ ನೋಡುತ್ತಾರೆ. ಆ ಮಳೆಯನ್ನು ಲೆಕ್ಕ ಹಾಕಲು ಹೋಗಿಯೇ ನಾನು ಪೆಟ್ಟು ತಿಂದದ್ದು, ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬಂದದ್ದು.

ತೀರ್ಥಹಳ್ಳಿ ಕಡೆಯ ಹಲವು ತೋಟಗಳ ಮಳೆ ದಾಖಲೆ ನನ್ನ ಹತ್ತಿರ ಇತ್ತು. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ಬೇಗ ಮುಗಿಯಲಿ ಅಂತ ಕೆಲಸವನ್ನು ಒಟ್ಟಿಗೇ ಓಡುವ 8 ಭಾಗಗಳಿಗೆ, ಅಂದರೆ ಥ್ರೆಡ್‌ಗಳಿಗೆ ಹಂಚಿದೆ. ಎಂಟೂ ಒಂದೇ ಮೊತ್ತಕ್ಕೆ ಕೂಡುತ್ತಿದ್ದವು. ಓಡಿಸಿದಾಗಲೆಲ್ಲ ಉತ್ತರ ಸ್ವಲ್ಪ ಬೇರೆ. ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಕೊನೆಯ ಅಂಕಿಗಳು ಬದಲಾಗುವುದುಂಟು. ಇದೂ ಅದೇ ಇರಬೇಕು ಅಂತ ಸುಮ್ನೆ ಬಿಟ್ಟೆ. ಮೂರು ವಾರ ಆ ಅಂಕಿಗಳನ್ನೇ ನಂಬಿ ನಕ್ಷೆ ಬರೆದೆ. ಆಮೇಲೆ ಗೊತ್ತಾಯಿತು. ಒಂದು ಥ್ರೆಡ್ ಹಳೇ ಮೊತ್ತ ಓದಿ, ತನ್ನದನ್ನು ಕೂಡಿ ಬರೆಯುವಷ್ಟರಲ್ಲಿ ಇನ್ನೊಂದು ಬರೆದಿಟ್ಟದ್ದು ಅಳಿಸಿಹೋಗುತ್ತಿತ್ತು. ಬಿದ್ದ ಮಳೆ ಲೆಕ್ಕದಿಂದಲೇ ಮಾಯ! ಪ್ರೋಗ್ರಾಂ ಒಮ್ಮೆಯೂ ನಿಲ್ಲಲಿಲ್ಲ.

ಪ್ರೋಗ್ರಾಂ ಕೆಟ್ಟು ನಿಂತರೆ ರಿಪೇರಿ ಮಾಡಬಹುದು. ತಪ್ಪು ಅಂಕಿ ಸರಿಯಾದ ಅಂಕಿಯ ಹಾಗೇ ಕಂಡರೆ ಏನು ಮಾಡುತ್ತೀರಿ? ನಾನು ರಸ್ಟ್ ಕಲಿತದ್ದು ಈ ಭಯದಿಂದ.

ಗ್ರೇಡನ್ ಹೋರ್ 2006ರಲ್ಲಿ ತಮ್ಮ ಆಸಕ್ತಿಯಿಂದ ಶುರು ಮಾಡಿದ ಭಾಷೆ ಇದು. ಮುಂದೆ ಮೊಜಿಲ್ಲಾ ಬೆಂಬಲ ಕೊಟ್ಟಿತು. 2015ರ ಮೇ ತಿಂಗಳಲ್ಲಿ 1.0 ಆವೃತ್ತಿ ಬಂತು. ಇದರ ಮುಖ್ಯ ನಿಯಮವನ್ನು ಮನೆಯ ಮಳೆ ಪುಸ್ತಕದಿಂದ ಹೇಳುತ್ತೇನೆ. ಪುಸ್ತಕವನ್ನು ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಬಹುದು. ಆದರೆ ಒಬ್ಬರು ಬರೆಯಲು ಕೂತರೆ, ಅವರು ಮುಗಿಸುವವರೆಗೆ ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ರಸ್ಟ್ ಕಂಪೈಲರ್ ಇದನ್ನು ಪ್ರೋಗ್ರಾಂ ಓಡುವ ಮೊದಲೇ ಪರೀಕ್ಷಿಸುತ್ತದೆ. ಅನ್‌ಸೇಫ್ ಅಂತ ಬರೆದು ನೀವೇ ಬೇಲಿ ತೆಗೆಯದಿದ್ದರೆ, ನನ್ನ ಆ ಎಂಟು ಥ್ರೆಡ್‌ಗಳ ಕೋಡ್ ಕಂಪೈಲ್ ಆಗುವುದೇ ಇಲ್ಲ. ರೇಯಾನ್ ಎಂಬ ರಸ್ಟ್ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಬಳಸಿದರೆ ಕೆಲಸ ಹಂಚುವುದು, ಬಿಡಿ ಮೊತ್ತಗಳನ್ನು ಕೊನೆಗೆ ಸೇರಿಸುವುದು ಎಲ್ಲ ಅದೇ ನೋಡಿಕೊಳ್ಳುತ್ತದೆ. ಕೊನೆಯ ಅಂಕಿಗಳು ಆಗಲೂ ಬದಲಾಗಬಹುದು, ಆದರೆ ಮಳೆ ಕಳೆದುಹೋಗುವುದಿಲ್ಲ.

ಇನ್ನೊಂದು ವಿಷಯ. ಎಲೆ ಬಿದ್ದು ಮಳೆಮಾಪಕ ಕಟ್ಟಿಕೊಂಡರೆ ಆ ದಿನದ ಅಂಕಿ ಇರುವುದಿಲ್ಲ, ಅಲ್ವಾ? ಆ ಜಾಗದಲ್ಲಿ -999 ಬರೆದಿಡುವುದು ಹಳೇ ರೂಢಿ. ಅದು ಸರಾಸರಿಗೆ ಸೇರಿದರೆ ಆಗುಂಬೆಯ ಜುಲೈ ತಿಂಗಳೂ ಒಣಗಿಬಿಡುತ್ತದೆ. ರಸ್ಟ್‌ನಲ್ಲಿ ಅಂಥ ಅಂಕಿಯನ್ನು ಆಪ್ಷನ್ ಆಗಿ, ಅಂದರೆ ‘ಇದೆ’ ಅಥವಾ ‘ಇಲ್ಲ’ ಎಂಬ ಎರಡರಲ್ಲೊಂದಾಗಿ ಇಡಿ. ಆಗ ಅಂಕಿ ಇಲ್ಲದ ದಿನಕ್ಕೆ ಏನು ಮಾಡಬೇಕು ಅಂತ ನೀವು ಹೇಳುವವರೆಗೆ ಕೂಡಲು ಬಿಡುವುದಿಲ್ಲ.

ಸೂತ್ರವೇ ತಪ್ಪಿದ್ದರೆ ರಸ್ಟ್ ಕಾಪಾಡದು. ಕಲಿಯಲು ಸಮಯವೂ ಜಾಸ್ತಿ ಬೇಕು. 1957ರ ಫೋರ್ಟ್ರಾನ್ ಇನ್ನೂ ಬದುಕಿದೆ, ಮ್ಯಾಟ್ರಿಕ್ಸ್ ಲೆಕ್ಕಗಳ ಲಾಪ್ಯಾಕ್ ಲೈಬ್ರರಿ ಅದರಲ್ಲೇ ಇದೆ. ಅದನ್ನೆಲ್ಲ ಬಿಸಾಡಬೇಡಿ. ನಿಮ್ಮ ಪೈಥಾನ್ ಪ್ರೋಗ್ರಾಂನಲ್ಲಿ ತೀರಾ ನಿಧಾನವಾದ ಒಂದು ಲೂಪ್ ಹುಡುಕಿ, ಅದನ್ನಷ್ಟೇ ರಸ್ಟ್‌ನಲ್ಲಿ ಬರೆದು ಎರಡೂ ಭಾಷೆಗಳನ್ನು ಬೆಸೆಯುವ ಪೈಓ3 ಮೂಲಕ ಜೋಡಿಸಿ. ಪೈಥಾನ್‌ನಲ್ಲಿ ದತ್ತಾಂಶ ಕೋಷ್ಟಕಗಳಿಗೆ ಬಳಸುವ ಪೋಲಾರ್ಸ್ ಲೈಬ್ರರಿ ಕೂಡ ಒಳಗೆ ರಸ್ಟೇ.

ನನ್ನ ಆ ಹಳೇ ಪ್ರೋಗ್ರಾಂ ಇಲ್ಲೇ ಇದೆ. ಈಗ ಅದನ್ನು ಸಾಲುಸಾಲಾಗಿ ರಸ್ಟ್‌ಗೆ ತರೋಣ. ಕಂಪೈಲರ್ ಎಲ್ಲಿ ತಡೆಯುತ್ತದೆ ಅಂತ ನೋಡುತ್ತಿರಿ.